ಪೈಲ್ವಾನ್ರು ಮಲಗ್ಯಾರ, ಸದ್ದು ಮಾಡಬ್ಯಾಡ್ರಿ

ನವೆಂಬರ್ ೩

ತಿಂದದ್ದನ್ನೆಲ್ಲ ದಿನವೂ ಬರೆದಿಡಿ ಎಂದು ಶರ್ವರಿ ಮ್ಯಾಡಮ್ ಹೇಳಿದ್ದಾಳೆ. ಇವತ್ತು ತಿಂದದ್ದು: ಬೇಯಿಸಿದ ಮೊಟ್ಟೆಯ ಬಿಳಿ, ಒಂದು ಮುಷ್ಟಿ ಓಟ್ಸ್, ಸೌತೆಕಾಯಿ, ಮತ್ತೆ ಮೊಟ್ಟೆಯ ಬಿಳಿ, ಒಗ್ಗರಣೆಯ ಮುಖ ನೋಡದ ಕೋಳಿಯ ಎದೆ. ಮುಗಿಯಿತು. ಹಾಳೆಯ ಮುಕ್ಕಾಲು ಭಾಗ ನನ್ನ ಹೊಟ್ಟೆಯ ಹಾಗೇ ಖಾಲಿ ಬಿದ್ದಿದೆ. ಕಾಗದ ಹಾಳು ಮಾಡುವುದು ಬೇಡವೆಂದು ಉಳಿದದ್ದನ್ನೂ ಬರೆಯುತ್ತೇನೆ.

ಮ್ಯಾಡಮ್ ಅಂದರೆ ಇಪ್ಪತ್ತನಾಲ್ಕು ವರ್ಷದ ಹುಡುಗಿ. ಚಪ್ಪಲಿ ಅಂಗಡಿಯ ಮಾಳಿಗೆಯ ಮೇಲೆ ಅವಳ ಜಿಮ್. ಕೆಳಗಿನಿಂದ ಚರ್ಮದ ವಾಸನೆ, ಮೇಲಿನಿಂದ ನಮ್ಮ ಬೆವರಿನ ವಾಸನೆ, ನಡುವೆ ಮೆಟ್ಟಿಲ ಮೇಲೆ ನಿಂಬೆಕಾಯಿ-ಮೆಣಸಿನಕಾಯಿ ಕಟ್ಟಿದ್ದಾರೆ, ಯಾರ ದೃಷ್ಟಿ ತಾಗಬಾರದೆಂದೋ ದೇವರಿಗೇ ಗೊತ್ತು. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ ಎಂದು ಡಾಕ್ಟರು ಹೆದರಿಸಿದ್ದಕ್ಕೆ ಅಲ್ಲಿಗೆ ಹೋದವಳು ನಾನು. ಒಂದು ದಿನ ಕಬ್ಬಿಣ ಎತ್ತಿಸಿದಳು, ಎತ್ತಿದೆ. ಇನ್ನಷ್ಟು ಹಾಕಿದಳು, ಅದನ್ನೂ ಎತ್ತಿದೆ. "ಅಕ್ಕಾ, ಮೊದಲ ಯಾವ ಜಿಮ್‌ಗೆ ಹೋಗ್ತಿದ್ರಿ?" ಎಂದು ಕೇಳಿದಳು. ರುಬ್ಬುವ ಕಲ್ಲು ಎಂದೆ. ಫೆಬ್ರುವರಿಯಲ್ಲಿ ಜಿಲ್ಲೆಯ ಮಹಿಳೆಯರ ಫಿಟ್ನೆಸ್ ಸ್ಪರ್ಧೆ ಇದೆ, ಐವತ್ತೈದು ಕಿಲೋ ಒಳಗಿನ ವರ್ಗದಲ್ಲಿ ನಿಲ್ಲಿ ಅಂದಳು. ನಾನು ಅರವತ್ತನಾಲ್ಕು ಇದ್ದೆ. ಹೂಂ ಅಂದುಬಿಟ್ಟೆ.

ಹೂಂ ಅಂದದ್ದಕ್ಕೆ ಕಾರಣ ನಮ್ಮ ಪಡಸಾಲೆಯ ಗೋಡೆ. ಮೋಹಿತೆಯವರದು ಕುಸ್ತಿಯ ಮನೆ. ಗೋಡೆಯ ಮೇಲೆ ಸಾಲಾಗಿ ನಾಲ್ಕು ಫೋಟೋ: ನನ್ನ ಮಾವನ ಅಜ್ಜ, ಅಪ್ಪ, ಮಾವ ಆಬಾ, ಕೊನೆಗೆ ನಮ್ಮವರು ಸರ್ಜೇರಾವ್. ನಾಲ್ವರೂ ಲಂಗೋಟಿಯಲ್ಲಿ, ತೊಡೆಗೆ ಎಣ್ಣೆ, ಮೀಸೆಗೆ ಎಣ್ಣೆ. ಆಬಾರ ಫೋಟೋದ ಕೆಳಗೆ ಬೆಳ್ಳಿಯ ಗದೆ. ಅದು ನಿಜವಾಗಿ ಗೆದ್ದದ್ದು, ಸುಳ್ಳು ಹೇಳಬಾರದು. ನಮ್ಮವರ ಫೋಟೋದ ಕೆಳಗೆ ಏನೂ ಇಲ್ಲ. ಇಚಲಕರಂಜಿಯಲ್ಲಿ ಒಮ್ಮೆ ಬರಾಬರಿ ಆದ ಕುಸ್ತಿಯೇ ಅವರ ಜೀವಮಾನದ ಸಾಧನೆ. ಹೇಳುವಾಗ ಆ ಕುಸ್ತಿ ವರ್ಷವರ್ಷಕ್ಕೂ ಉದ್ದವಾಗುತ್ತಿದೆ, ಎದುರಿನವನು ವರ್ಷವರ್ಷಕ್ಕೂ ಎತ್ತರವಾಗುತ್ತಿದ್ದಾನೆ. ಹೆಂಗಸರ ಫೋಟೋ ಆ ಗೋಡೆಯ ಮೇಲಿಲ್ಲ. ಅತ್ತೆ ಆತ್ಯಾಬಾಯಿಯದು ರೇಷನ್ ಕಾರ್ಡಿನ ಮೇಲಿರುವ ಫೋಟೋ ಒಂದೇ. ನನಗೆ ಆ ಗೋಡೆಯ ಮೇಲೆ ಒಂದು ಮೊಳೆ ಬೇಕು. ಅಷ್ಟೇ ಆಸೆ, ಆದರೆ ಆಸೆ ಅಂದರೆ ಆಸೆ.

ಊಟದ ಹೊತ್ತಿಗೆ ವಿಷಯ ತೆಗೆದೆ. ಸ್ಪರ್ಧೆಯ ಉಡುಪು ಎಂಥದೆಂದು ಫೋನಿನಲ್ಲಿ ತೋರಿಸಿದೆ. ನಮ್ಮವರ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

"ಅಲ್ಲ ವೈಜೂ, ಇಷ್ಟ ಅರಬಿ ಹಾಕ್ಕೊಂಡ ಮಂದಿ ಮುಂದ ನಿಂದರತಿ ಏನ?"

"ಆ ಗ್ವಾಡಿ ಕಡೆ ನೋಡ್ರಿ. ಅಲ್ಲಿ ಯಾರ ಮೈಮ್ಯಾಲ ಇದಕ್ಕಿಂತ ಹೆಚ್ಚಿನ ಅರಬಿ ಐತಿ, ತೋರಸ್ರಿ."

ಆಬಾ ನೆತ್ತಿಗೆ ಹತ್ತುವಷ್ಟು ನಕ್ಕರು. "ಸೊಸಿ ಹೇಳೂದು ಖರೆ ಐತೋ ಸರ್ಜಾ. ನಮ್ಮ ಮನ್ಯಾಗ ಅರಬಿ ಹಾಕ್ಕೊಂಡ ಹೆಸರ ಮಾಡಿದವ್ರು ಯಾರೂ ಇಲ್ಲ. ಹೋಗವಾ, ಏನರ ಗೆದ್ದ ತಗೊಂಡ ಬಾ. ಮೊಳೆ ನಾನ ಹೊಡೀತೀನಿ."

ಆತ್ಯಾಬಾಯಿ ಸೌಟು ಹಿಡಿದು ನಿಂತಿದ್ದರು.

ನವೆಂಬರ್ ೯, ಭಾನುವಾರ

ನಮ್ಮ ಮನೆಯಲ್ಲಿ ಪೈಲ್ವಾನ ಅಂದರೆ ಏನೆಂದು ಬರೆದಿಡಬೇಕು, ಮುಂದೆ ಯಾರೂ ನಂಬಲಿಕ್ಕಿಲ್ಲ. ಬೆಳಿಗ್ಗೆ ಮೊದಲ ಬಿಸಿನೀರು ಪೈಲ್ವಾನನಿಗೆ. ಊಟಕ್ಕೆ ಮಣೆ ಪೈಲ್ವಾನನಿಗೆ. ಪೈಲ್ವಾನ ತಾಟು ಎತ್ತುವುದಿಲ್ಲ. ಪೈಲ್ವಾನ ಸಿಟ್ಟಿನಿಂದ ಲೋಟ ಒಗೆದರೆ, "ಪೈಲ್ವಾನ್ರ ತಲಿ ಬಿಸಿ ಇರತೈತಿ, ಮನಿಯವ್ರು ತಿಳ್ಕೋಬೇಕ" ಎಂದು ಲೋಟ ಹೆಕ್ಕಿಕೊಡಬೇಕು. ನಮ್ಮವರು ಕುಸ್ತಿ ಬಿಟ್ಟು ಟೈರಿನ ಅಂಗಡಿ ಹಾಕಿ ಹತ್ತು ವರ್ಷ ದಾಟಿತು. ಬಾದಾಮಿ ಥಂಡಾಯಿ ಮಾತ್ರ ಬಿಟ್ಟಿಲ್ಲ. ಮಧ್ಯಾಹ್ನ ಅಂಗಡಿಯಿಂದ ಬಂದು ಹೊಟ್ಟೆ ಮೇಲೆ ಮಾಡಿ ಮಲಗಿದರೆಂದರೆ ಆತ್ಯಾಬಾಯಿ ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿ ಪಿಸುಗುಟ್ಟುತ್ತಾರೆ: "ಪೈಲ್ವಾನ್ರು ಮಲಗ್ಯಾರ, ಸದ್ದು ಮಾಡಬ್ಯಾಡ್ರಿ." ನಾನು ರುಬ್ಬುವ ಕಲ್ಲು ನಿಲ್ಲಿಸಬೇಕು. ಕಲ್ಲಿನಲ್ಲಿ ಇರುವುದು ಅವರದೇ ಬಾದಾಮಿ. ಎದ್ದ ಕೂಡಲೇ ಥಂಡಾಯಿ ಎಲ್ಲಿ ಎಂದು ಕೇಳುವವರೂ ಅವರೇ.

ಇನ್ನು ಭಾನುವಾರದ ಮಟನ್. ಮಜ್ಜೆ ತುಂಬಿದ ನಳಿ ಎಲುಬು ಮೊದಲು ಆಬಾರ ತಾಟಿಗೆ, ಆಮೇಲೆ ನಮ್ಮವರ ತಾಟಿಗೆ. ಇಬ್ಬರೂ ಅದನ್ನೆತ್ತಿ ತಾಟಿನ ಅಂಚಿಗೆ ಠಣ್ ಠಣ್ ಎಂದು ಬಡಿದು, ಬಾಯಿಗಿಟ್ಟು ಹೀರುತ್ತಾರೆ. ಆ ಸದ್ದಿಗೆ ಯಾವ ನಿಷೇಧವೂ ಇಲ್ಲ. ಈ ಮನೆಗೆ ಬಂದು ಹದಿನೆಂಟು ವರ್ಷ, ನನಗೆ ನಳಿ ಸಿಕ್ಕಿಲ್ಲ. ಆತ್ಯಾಬಾಯಿಗೆ ಐವತ್ತು ವರ್ಷದಿಂದ ಸಿಕ್ಕಿಲ್ಲ. ಹೆಂಗಸರಿಗೆ ಕುತ್ತಿಗೆಯ ಮೂಳೆ, ಅದರಲ್ಲಿ ತಿನ್ನುವುದಕ್ಕಿಂತ ಹುಡುಕುವುದೇ ಹೆಚ್ಚು.

ಇವತ್ತು ಮಟನ್ ಮಾಡಿ, ತಾಂಬಡಾ ಪಾಂಢರಾ, ಕೆಂಪು ಬಿಳಿ ಎರಡೂ ರಸ್ಸಾ ಕುದಿಸಿ, ರುಚಿ ಕೂಡ ನೋಡದೆ ಬಡಿಸಿ, ಮೂಲೆಯಲ್ಲಿ ಕೂತು ಮೊಟ್ಟೆಯ ಬಿಳಿ ತಿಂದೆ. ರಬ್ಬರ್ ಅಗಿದ ಹಾಗೆ. ನಮ್ಮವರ ಅಂಗಡಿಯ ಟೈರಿಗೂ ಇದಕ್ಕಿಂತ ರುಚಿ ಇದ್ದೀತು.

ಡಿಸೆಂಬರ್ ೨

ಎದುರುಮನೆಯ ಕಮಳಾ ಕಾಕು ಬಾಗಿಲಲ್ಲಿ ತಡೆದರು. "ಏನವಾ ವೈಜಯಂತಾ, ಗಲ್ಲಾ ಒಳಗ ಹೋಗ್ಯಾವ. ಸರ್ಜಾ ಹೊಟ್ಟಿಗಿ ಹಾಕ್ವಲ್ಲ ಏನ?"

"ಹಾಕ್ತಾರ ಕಾಕು. ತಮ್ಮ ಹೊಟ್ಟಿಗಿ."

ಕನ್ನಡಿಯಲ್ಲಿ ತೋಳು ಮಡಚಿ ನೋಡಿಕೊಂಡೆ. ಗಡ್ಡೆ ಎದ್ದಿದೆ. ಹದಿನೆಂಟು ವರ್ಷ ಗಂಡನ ಬಾದಾಮಿ ರುಬ್ಬಿದ್ದಕ್ಕೆ ಸಿಕ್ಕ ಫಲ ನನ್ನ ತೋಳಿನಲ್ಲಿ ಕೂತಿದೆ, ಬಾದಾಮಿ ಕುಡಿದದ್ದು ಅವರ ಹೊಟ್ಟೆಯಲ್ಲಿ ಕೂತಿದೆ. ನ್ಯಾಯ ಅಂದರೆ ಇದೇ. ಖುಷಿಯಾಯಿತು, ಬಹಳ ಖುಷಿಯಾಯಿತು.

ಬೆಳಿಗ್ಗೆ ಐದೂವರೆಗೆ ಜಿಮ್ಮಿಗೆ ಓಡಬೇಕಾದ್ದರಿಂದ ಮೊದಲ ಬಿಸಿನೀರು ನಾನು ತೆಗೆದುಕೊಳ್ಳುತ್ತಿದ್ದೇನೆ. ಸಮಯದ ಪ್ರಶ್ನೆ, ಬೇರೇನಲ್ಲ.

ಡಿಸೆಂಬರ್ ೧೬

ಬಸ್ಕಿ ಹೊಡೆದು ಹೊಡೆದು ಮೊಣಕಾಲು ನೆಲಕ್ಕೆ ಬಗ್ಗುತ್ತಿಲ್ಲ. ಹೀಗಾಗಿ ಊಟಕ್ಕೆ ಮಣೆ ಹಾಕಿಕೊಂಡು ಕೂರುತ್ತೇನೆ. ನಮ್ಮವರು ಮಣೆ ಹುಡುಕುತ್ತ ಎರಡು ದಿನ ಅಡುಗೆಮನೆಯಲ್ಲಿ ಸುತ್ತಾಡಿದರು. ಕೊನೆಗೆ ನೆಲದ ಮೇಲೆ ಕೂತರು. ಏನೂ ಆಗಲಿಲ್ಲ, ಭೂಮಿ ಬಾಯಿ ತೆರೆಯಲಿಲ್ಲ.

ಬಾದಾಮಿ ರುಬ್ಬುವುದನ್ನು ಆತ್ಯಾಬಾಯಿ ವಹಿಸಿಕೊಂಡಿದ್ದಾರೆ. ಭುಜಕ್ಕೆ ವಿಶ್ರಾಂತಿ ಬೇಕೆಂದು ಶರ್ವರಿ ಹೇಳಿದ್ದಾಳೆ. ರೊಟ್ಟಿಯನ್ನೂ ಅವರೇ ಬಡಿಯುತ್ತಾರೆ. ಮೊಟ್ಟೆಯನ್ನೂ ಅವರೇ ಸುಲಿಯುತ್ತಾರೆ. ಇವತ್ತು ಬಿಳಿಗೆ ಒಂಚೂರು ಹಳದಿ ಅಂಟಿಕೊಂಡಿತ್ತು. ವಾಪಸು ಕಳಿಸಿದೆ.

ಡಿಸೆಂಬರ್ ೨೮

ಐವತ್ತೊಂಬತ್ತು ಕಿಲೋ. ಮಿಸಳ ಅಂಗಡಿಯ ಮುಂದೆ ಹಾದುಬರುವಾಗ ಉಸಿರು ಬಿಗಿಹಿಡಿದೆ. ಒಬ್ಬ ಗಂಡಸು ಪಾವ್ ಬ್ರೆಡ್ಡನ್ನು ಮಿಸಳದ ಖಾರದ ರಸದಲ್ಲಿ ಅದ್ದಿ ಬಾಯಿಗಿಡುತ್ತಿದ್ದ. ಅವನನ್ನು ಹೊಡೆಯಬೇಕೆನ್ನಿಸಿತು. ಅವನು ಯಾರೆಂದು ನನಗೆ ಗೊತ್ತೂ ಇಲ್ಲ.

ಜನವರಿ ೭

ಐವತ್ತೊಂಬತ್ತು. ಅಲ್ಲೇ ಕೂತಿದೆ, ಬಾಡಿಗೆದಾರ ಕೂತ ಹಾಗೆ.

"ಅಕ್ಕಾ, ಕದ್ದ ತಿನ್ನಾಕತ್ತೀರಿ," ಎಂದಳು ಶರ್ವರಿ. ಎಲ್ಲರೆದುರು. ನನ್ನ ಮಗಳಿಗಿಂತ ಏಳು ವರ್ಷ ದೊಡ್ಡವಳು ಅಷ್ಟೇ, ಮಗಳು ಪುಣೆಯ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ.

"ಒಂದ ಕಡ್ಲಿಕಾಳ ತಿಂದಿಲ್ಲವಾ. ಬೇಕಾದ್ರ ದೇವಿ ಅಂಬಾಬಾಯಿ ಮ್ಯಾಲ ಆಣಿ ಮಾಡ್ತೀನಿ."

"ತಕ್ಕಡಿಗಿ ಆಣಿ ತಿಳಿಯೂದಿಲ್ಲ ಅಕ್ಕಾ."

ಎದೆ ಉರಿಯಿತು. ಬರುವಾಗ ದಾರಿಯಲ್ಲಿ ಅತ್ತೆ, ಅಂದರೆ ಕಣ್ಣೀರು ಹಾಕಿದೆ. ಅತ್ತರೆ ತೂಕ ಇಳಿಯುತ್ತದೋ ಏನೋ ಎಂಬ ಯೋಚನೆಯೂ ಬಂತು, ತಲೆ ಅಷ್ಟು ಕೆಟ್ಟಿದೆ.

ಜನವರಿ ೧೪, ಸಂಕ್ರಾಂತಿ

ಎಳ್ಳುಂಡೆಯ ದಿನ. ಓಣಿಯ ಹೆಂಗಸರೆಲ್ಲ ಅರಿಸಿನ-ಕುಂಕುಮಕ್ಕೆ ಬಂದರು. ಎಳ್ಳುಂಡೆ ಕೊಟ್ಟು ಸವಿ ಮಾತಾಡು ಅನ್ನುವುದು ಪದ್ಧತಿ. ಬೇಡವೆಂದರೆ ಜಗಳಕ್ಕೆ ಕರೆದ ಹಾಗೆ. ಪ್ರತಿಯೊಬ್ಬರ ಕೈಯಿಂದಲೂ ತೆಗೆದುಕೊಂಡು, ಬಾಯಿಯ ತನಕ ಒಯ್ದು, ಸೆರಗಿನೊಳಗೆ ಸೇರಿಸಿದೆ. ಬೆಲ್ಲ ಕರಗಿ ಸೆರಗಿಗೆ ಸೆರಗು ಅಂಟಿತು. ಇರುವೆ ಹತ್ತಿತು. ಸವಿ ಮಾತು ಬರಲಿಲ್ಲ.

ಸುಸ್ತಾಗಿ ಒಳಕೋಣೆಯಲ್ಲಿ ಅಡ್ಡಾದೆ. ಹೊರಗೆ ಆ ಹೆಂಗಸರ ನಗು, ಬಳೆಯ ಸದ್ದು, ಕಮಳಾ ಕಾಕುವಿನ ಗಂಟಲು. ಸಂಜೆ ಮತ್ತೆ ಜಿಮ್ಮಿಗೆ ಹೋಗುವವಳಿಗೆ ಒಂದು ಗಳಿಗೆ ಕಣ್ಣು ಮುಚ್ಚಲೂ ಆಗಬಾರದೆ. ಎದ್ದು ಬಂದು ಹೊಸ್ತಿಲಲ್ಲಿ ನಿಂತೆ. ನೋಡಿದೆ ಅಷ್ಟೇ. ಎಲ್ಲರೂ ಸುಮ್ಮನಾದರು. ವಾಪಸು ಮಲಗಿದ ಮೇಲೆ ಆತ್ಯಾಬಾಯಿ ಅವರಿಗೆ ಪಿಸುಮಾತಿನಲ್ಲಿ ಹೇಳುವುದು ಕೇಳಿಸಿತು: "ಪೈಲ್ವಾನ್ರು ಮಲಗ್ಯಾರ, ಸದ್ದು ಮಾಡಬ್ಯಾಡ್ರಿ."

ಯಾಕೆ ಹಾಗೆ ಅಂದರೋ ತಿಳಿಯಲಿಲ್ಲ. ನಮ್ಮವರು ಅಂಗಡಿಯಲ್ಲಿದ್ದರು, ಆಬಾ ಗರಡಿಮನೆಗೆ ಹೋಗಿದ್ದರು. ಐವತ್ತು ವರ್ಷದ ರೂಢಿ, ಬಾಯಿ ತಾನಾಗಿ ಹೇಳುತ್ತದೆ, ಪಾಪ.

ಜನವರಿ ೧೯

ಅರವತ್ತು. ಏರಿದೆ.

ಶರ್ವರಿ ಈ ಸಲ ಬೈಯಲೂ ಇಲ್ಲ, ಅದು ಇನ್ನೂ ಕೆಟ್ಟದ್ದು. "ಈ ಐತವಾರದೊಳಗ ಎರಡ ಕಿಲೋ ಇಳೀಲಿಲ್ಲಂದ್ರ ನಿಮ್ಮ ಹೆಸರ ತಗೀತೀನಿ ಅಕ್ಕಾ. ನನ್ನ ಜಿಮ್ಮಿನ ಮರ್ಯಾದಿ ಐತಿ," ಎಂದಳು. ಹೆಸರು ತೆಗೆದರೆ ಮೊಳೆ ಇಲ್ಲ. ಓಣಿಗೆಲ್ಲ ಹೇಳಿಯಾಗಿದೆ. ನಮ್ಮವರು ಇಚಲಕರಂಜಿಯ ಕಥೆ ಹೇಳಿದಾಗಲೆಲ್ಲ ಇನ್ನು ನನ್ನ ಕಥೆಯನ್ನೂ ಸೇರಿಸುತ್ತಾರೆ, ನಗುತ್ತ.

ಮನೆಗೆ ಬಂದು ಓಟ್ಸ್ ತಿಂದೆ. ಮುಗಿಸಿ ಬಟ್ಟಲನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಹೊಳಪು. ಬೆರಳಲ್ಲಿ ಒರೆಸಿ ಮೂಸಿದೆ. ಎಮ್ಮೆ ತುಪ್ಪ.

ಅಡುಗೆಮನೆಯಲ್ಲಿ ಇರುವವರು ಒಬ್ಬರೇ. ನೇರವಾಗಿ ಹೋಗಿ ಬಟ್ಟಲನ್ನು ಆತ್ಯಾಬಾಯಿಯ ಮುಂದೆ ಕುಕ್ಕಿದೆ.

"ಐವತ್ತ ವರ್ಷ ಒಲಿ ಮುಂದ ಕುಂತ್ರಿ. ನಿಮ್ಮ ಹೆಸರಿಗಿ ಯಾರೂ ಒಂದ ಮೊಳೆ ಹೊಡೀಲಿಲ್ಲ. ನನಗೂ ಹೊಡೀಬಾರ್ದು ಅಂತ ಮಾಡೀರಿ, ಹೌದಿಲ್ಲ?"

ಅವರು ನನ್ನ ಮುಖ ನೋಡಿದರು. ಬಟ್ಟಲು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ಆಮೇಲೆ ಅದನ್ನು ತೊಳೆದು ಬೋರಲು ಹಾಕಿದರು. ಸಾಕ್ಷಿ ಅಳಿಸಿಹಾಕಿದರು ಅನ್ನಿಸಿತು ನನಗೆ.

ಮಾತು ಸ್ವಲ್ಪ ಜಾಸ್ತಿ ಆಯಿತೇನೋ. ಆದರೆ ಇಷ್ಟು ಹಸಿದವರ ತಲೆ ಬಿಸಿ ಇರುತ್ತದೆ, ಮನೆಯವರು ತಿಳಿದುಕೊಳ್ಳಬೇಕು.

ಜನವರಿ ೨೧

ಕಳ್ಳ ಸಿಕ್ಕ.

ಜಿಮ್ಮಿನಿಂದ ಬೇಗ ಬಂದೆ. ಅಡುಗೆಮನೆಯಲ್ಲಿ ಆಬಾ. ಒಂದು ಕಂಕುಳಲ್ಲಿ ತಮ್ಮ ಕಪಾಟಿನ ತುಪ್ಪದ ಡಬ್ಬಿ, ಇನ್ನೊಂದು ಕೈಯಲ್ಲಿ ಚಮಚ. ನನ್ನ ಓಟ್ಸಿಗೆ ತುಪ್ಪ ಸುರಿದು ಬೆರಳಲ್ಲಿ ತಿರುವುತ್ತಿದ್ದಾರೆ, ದೇವರ ಅಭಿಷೇಕಕ್ಕೆ ಪಂಚಾಮೃತ ಕಲಸುವಷ್ಟು ಶ್ರದ್ಧೆಯಿಂದ.

"ಆಬಾ, ಏನ ಮಾಡಾಕತ್ತೀರಿ?"

ಬೆಚ್ಚಿದರು, ಆದರೆ ಎದೆ ಮುಂದಕ್ಕೆ ಬಂತು. ಗದೆ ಗೆದ್ದ ಎದೆ. "ಏನ ಮಾಡ್ಲಿ ಮತ್ತ? ಕುಸ್ತಿ ಹತ್ರ ಬಂದಾಗ ಪೈಲ್ವಾನಗ ಉಪಾಸ ಕೆಡವತಾರೇನ? ಆ ಹುಡುಗಿಗಿ ಬುದ್ಧಿ ಇಲ್ಲ. ತಿಂಗಳಾತು, ನಾನ ಹಾಕಾಕತ್ತೀನಿ. ಕೋಳಿಗಿ ಬಾದಾಮಿ ಪುಡಿನೂ ಹಾಕೇನಿ. ಎದುರಿನಾಕಿ ಬಂದ ನಿನ್ನ ಎತ್ತಿ ಒಗದ್ರ ಏನ ಮಾಡ್ತಿ?"

"ಆಬಾ, ಅಲ್ಲಿ ಯಾರೂ ಯಾರನ್ನೂ ಎತ್ತಿ ಒಗ್ಯೂದಿಲ್ಲ."

"ಮತ್ತ?"

"ನಿಂದರತಾರ."

"ನಿಂತ ಏನ ಮಾಡ್ತಾರ?"

"ಮೈ ತೋರಸ್ತಾರ."

ಆಬಾರ ಚಮಚದಿಂದ ತುಪ್ಪ ತೊಟ್ಟು ತೊಟ್ಟಾಗಿ ನೆಲಕ್ಕೆ ಬೀಳುತ್ತಿತ್ತು. "ಹಂಗಾದ್ರ ಯಾರ ಗೆದ್ರು ಅಂತ ಹೆಂಗ ಗೊತ್ತಾಗೂದು? ಯಾರೂ ಕೆಳಗ ಬೀಳೂದಿಲ್ಲಲ್ಲ."

ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಮುದುಕನ ಮೀಸೆಗೆ ಓಟ್ಸ್ ಮೆತ್ತಿಕೊಂಡಿತ್ತು. ಇಡೀ ಜನ್ಮದಲ್ಲಿ ಯಾರಿಗೂ ಒಂದು ಲೋಟ ನೀರು ಕೊಡದ ಮನುಷ್ಯ, ಕದ್ದುಮುಚ್ಚಿ ನನಗೆ ತುಪ್ಪ ತಿನ್ನಿಸುತ್ತಿದ್ದರು. ಈ ಪ್ರೀತಿಯ ತೂಕ, ಇಳಿಯದೆ ಉಳಿದ ಐದು ಕಿಲೋ.

ಆತ್ಯಾಬಾಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಅವರಿಗೆ ಏನಾದರೂ ಹೇಳಬೇಕಿತ್ತು. ಆದರೆ ಸೈಕಲ್ ತುಳಿಯುವ ಹೊತ್ತಾಗಿತ್ತು, ಹೋದೆ.

ಜನವರಿ ೨೫

ಐವತ್ತೇಳೂವರೆ! ಶರ್ವರಿ ತಬ್ಬಿಕೊಂಡಳು. ಹೆಸರು ಉಳಿಯಿತು.

ಕಪಾಟಿನ ಬೀಗದ ಕೈ ಈಗ ಆತ್ಯಾಬಾಯಿಯ ಸೊಂಟದಲ್ಲಿದೆ. ನನ್ನ ಓಟ್ಸ್ ಬೇಯುವಾಗ ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ಕೂತು ಅಕ್ಕಿ ಆರಿಸುತ್ತಾರೆ. ಆಬಾ ಎರಡು ಸಲ ಸುಳಿದಾಡಿ, "ನೀರ ಬೇಕಿತ್ತು" ಎಂದರು. "ಹೊರಗ ಕೊಡದಾಗ ಐತಿ," ಎಂದರು ಆತ್ಯಾಬಾಯಿ, ತಲೆಯೆತ್ತದೆ. ಒಳ್ಳೆಯ ವ್ಯವಸ್ಥೆ. ನನಗೆ ಆ ಕಡೆಯ ಚಿಂತೆ ತಪ್ಪಿತು.

ಅವರ ಹತ್ತಿರ ಮಾತಾಡಬೇಕು. ನಾಳೆ.

ಜನವರಿ ೩೦

ಕುಕ್ಕರ್ ಸೀಟಿ ನನ್ನ ತಲೆಯೊಳಗೇ ಹೊಡೆದ ಹಾಗಾಗುತ್ತದೆ. ನಾನು ಮಲಗಿದಾಗ ಕುಕ್ಕರ್ ಬೇಡ ಅಂದೆ. ಬೇಳೆಯನ್ನು ಪಾತ್ರೆಯಲ್ಲಿ ಬೇಯಿಸುತ್ತಿದ್ದಾರೆ. ಟಿವಿಯ ಸದ್ದೂ ಇಲ್ಲ. ನಮ್ಮವರು ಕುಸ್ತಿಯನ್ನು ಮೂಕಾಭಿನಯದಲ್ಲಿ ನೋಡುತ್ತಾರೆ.

ಫೆಬ್ರುವರಿ ೪

ಉಪ್ಪು ನಿಂತಿತು. ಐವತ್ತೈದಕ್ಕೆ ಮುಟ್ಟುವುದಕ್ಕೆ ಇನ್ನು ಸ್ವಲ್ಪ. ಕನಸಿನಲ್ಲಿ ನಳಿ ಎಲುಬು ಬಂತು. ದೊಡ್ಡದು, ಬೆಳ್ಳಿಯ ಗದೆಯಷ್ಟು. ಎತ್ತಿದೆ, ಬಡಿದೆ, ಬಾಯಿಗಿಡುವಾಗ ಎಚ್ಚರವಾಯಿತು. ಕೈಯಲ್ಲಿ ನಮ್ಮವರ ಮೊಣಕೈ.

ಫೆಬ್ರುವರಿ ೭

ತೂಕ ಆಯಿತು. ಐವತ್ತನಾಲ್ಕು ಕಿಲೋ ಎಂಟುನೂರು ಗ್ರಾಂ. ದಾಟಿದೆ.

ಸಂಜೆ ಬಣ್ಣ ಬಳಿಯುವ ಕೆಲಸ. ವೇದಿಕೆಯ ದೀಪಕ್ಕೆ ಮೈಯ ಗೆರೆ ಕಾಣಬೇಕಾದರೆ ಕಂದು ಬಣ್ಣ ಹಚ್ಚಬೇಕು. ಮುಂದೆ ನಾನೇ ಹಚ್ಚಿಕೊಂಡೆ, ಬೆನ್ನಿಗೆ ಕೈ ಹೋಗದು. ನಮ್ಮವರನ್ನು ಕರೆದೆ. ಟೈರಿಗೆ ಪಾಲಿಶ್ ಹೊಡೆದ ಹಾಗೆ ಒಂದು ಸಲ ಒರೆಸಿ, ಫೋನ್ ಬಂತೆಂದು ಹೋದರು. ಆತ್ಯಾಬಾಯಿ ಬಂದು ಡಬ್ಬಿ ತೆಗೆದುಕೊಂಡರು. ಬಚ್ಚಲುಮನೆಯಲ್ಲಿ ನಿಲ್ಲಿಸಿ, ಸ್ಪಂಜಿನಿಂದ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಒಂದು ಗೆರೆ ತಪ್ಪದೆ ಹಚ್ಚಿದರು. ಅವರ ಕೈ ಒರಟು. ರೊಟ್ಟಿ ಬಡಿಯುವ ಕೈ.

"ಗಡಿಗಿಗಿ ಬಳದಂಗ ಆತು ನೋಡು," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಏನ ಬೆನ್ನವಾ ಇದು. ಆಬಾಂದು ಹಿಂಗ ಇತ್ತು, ಹರೇದಾಗ."

ಹೇಳಬೇಕೆಂದುಕೊಂಡೆ. ತುಪ್ಪದ ಮಾತು, ಮೊಳೆಯ ಮಾತು. ಬಣ್ಣ ಒಣಗುವ ತನಕ ಅಲುಗಾಡಬಾರದು ಎಂದು ಡಬ್ಬಿಯ ಮೇಲೆ ಬರೆದಿತ್ತು. ಬಾಯಿಯೂ ಮೈಯಲ್ಲೇ ಸೇರಿದ್ದು ಎಂದು ಸುಮ್ಮನೆ ನಿಂತೆ.

ಫೆಬ್ರುವರಿ ೯

ನಿನ್ನೆ ಬರೆಯಲು ಆಗಲಿಲ್ಲ. ನಿನ್ನೆಯದು ಇವತ್ತು.

ಮೂರನೆಯವಳಾದೆ. ಎಂಟು ಮಂದಿಯಲ್ಲಿ ಮೂರನೆಯವಳು. ಕಂಚಿನ ಪದಕ, ಜೊತೆಗೆ ಒಂದು ಗೋಡೆ ಗಡಿಯಾರ. ಮೊದಲನೆಯವಳು ಇಪ್ಪತ್ತೆರಡರ ಹುಡುಗಿ, ಅವಳ ಹೊಟ್ಟೆಯ ಮೇಲೆ ಬಟ್ಟೆ ಒಗೆಯಬಹುದಿತ್ತು.

ವೇದಿಕೆ ಹತ್ತುವಾಗ ಮೆಟ್ಟಿಲು ಎಣಿಸಿದೆ. ದೀಪ ಬಿದ್ದದ್ದೇ ಎಣಿಕೆ ಮರೆತೆ. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು, ನನ್ನ ಕೈಯಲ್ಲಿ ತಾಟೂ ಇರಲಿಲ್ಲ, ಸೌಟೂ ಇರಲಿಲ್ಲ. ಜೀವಮಾನದಲ್ಲಿ ಅಂಥ ಸುಖ ನಾನು ಕಂಡಿಲ್ಲ.

ಆಬಾ ಕೇಸರಿ ಪೇಟ ಸುತ್ತಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು. ಪಕ್ಕದವರಿಗೆಲ್ಲ, "ಇವ್ರು ಹಿಡ್ಯೂದು ಯಾವಾಗ?" ಎಂದು ಕೇಳುತ್ತಿದ್ದದ್ದು ವೇದಿಕೆಗೂ ಕೇಳಿಸಿತು. ಎಲ್ಲರೂ ಹಿಂದೆ ತಿರುಗಿ ಬೆನ್ನು ತೋರಿಸಿ ಎಂದು ಮೈಕಿನಲ್ಲಿ ಹೇಳಿದಾಗ, ಕುಸ್ತಿಯಲ್ಲಿ ಬೆನ್ನು ತೋರಿಸುವುದೆಂದರೆ ಸೋಲು, ಅದನ್ನು ನೋಡಲಾಗದೆ ಆಬಾ ಕಣ್ಣು ಮುಚ್ಚಿಕೊಂಡರಂತೆ. ನಮ್ಮವರು ಸೀಟಿ ಹೊಡೆದರು. ಪದಕ ಹಾಕಿದಾಗ ಅವರ ಕಣ್ಣು ಒದ್ದೆಯಾಗಿತ್ತು, ಅದನ್ನೂ ಬರೆಯಬೇಕು. ಆತ್ಯಾಬಾಯಿ ಬಂದಿರಲಿಲ್ಲ. ಬಂದರೆ ಮಟನ್ ಯಾರು ಮಾಡಬೇಕು. ಅವರು ಈ ಮನೆಯ ಯಾರ ಕುಸ್ತಿಯನ್ನೂ ನೋಡಿದವರಲ್ಲ.

ಮನೆಗೆ ಬಂದ ಕೂಡಲೇ ಆಬಾ ಸುತ್ತಿಗೆ ತರಿಸಿದರು. ಮೊದಲ ಏಟು ಹೆಬ್ಬೆರಳಿಗೆ, ಎರಡನೆಯದು ಮೊಳೆಗೆ. ನಮ್ಮವರ ಫೋಟೋದ ಪಕ್ಕದಲ್ಲಿ ನನ್ನ ಪದಕ ಹೊಳೆಯಿತು. ಅವರ ಫೋಟೋದ ಕೆಳಗಿನ ಖಾಲಿ ಜಾಗ ಇನ್ನೂ ಖಾಲಿಯಾಗಿ ಕಂಡಿತು.

ಊಟಕ್ಕೆ ಮಣೆಯ ಮೇಲೆ ಕೂತೆ. ಮೊದಲ ತಾಟು ನನಗೆ ಬಂತು. ತಾಟಿನ ನಡುವೆ ನಳಿ. ಎತ್ತಿ ಠಣ್ ಠಣ್ ಎಂದು ಬಡಿದು ಹೀರಿದೆ. ಮೂರು ತಿಂಗಳ ಮೊಟ್ಟೆಯ ಬಿಳಿ, ಉಪ್ಪಿಲ್ಲದ ಕೋಳಿ, ಸೌತೆಕಾಯಿ, ಎಲ್ಲವನ್ನೂ ಕ್ಷಮಿಸಿಬಿಟ್ಟೆ. ಆಬಾ ಬಡಿದರು, ನಮ್ಮವರು ಬಡಿದರು. ಮೂವರ ಸದ್ದಿಗೆ ಬೆಕ್ಕು ಹೊರಗೆ ಓಡಿತು. ನಾನು ಖಾಲಿ ಬಟ್ಟಲನ್ನು ಮೇಲೆ ಹಿಡಿದು, "ಆತ್ಯಾಬಾಯಿ, ರಸ್ಸಾ," ಎಂದೆ. ತಲೆ ಎತ್ತಿರಲಿಲ್ಲ, ಎಲುಬಿನೊಳಗೆ ಇನ್ನೂ ಸ್ವಲ್ಪ ಉಳಿದಿತ್ತು.

ಅವರು ರಸ್ಸಾ ಹಾಕಿದರು. ಹಾಕಿ ಅಲ್ಲೇ ನಿಂತರು.

"ಮಾವಗ ಬಡಿಸೀನಿ, ಗಂಡಗ ಬಡಿಸೀನಿ, ಮಗಗ ಬಡಿಸೀನಿ," ಎಂದರು. "ಸೌಟ ಎಲ್ಲಿರತೈತಿ ಅನ್ನೂದ ಗೊತ್ತಿದ್ದ ಪೈಲ್ವಾನ ಅಂದ್ರ ನೀನೊಬ್ಬಾಕಿ, ವೈಜೂ."

ಆಬಾ ಗಹಗಹಿಸಿದರು. ನಮ್ಮವರು ನಕ್ಕರು. ನಾನೂ ನಕ್ಕೆ, ಒಳ್ಳೆಯ ಮಾತಾಗಿತ್ತು. ಆತ್ಯಾಬಾಯಿ ನಗಲಿಲ್ಲ.

ಕೈ ತೊಳೆದು ಒಳಗೆ ಹೋಗಿ ಬಿದ್ದುಕೊಂಡೆ. ತಾಟು ಅಲ್ಲೇ ಇತ್ತು. ಹೊರಗೆ ಪಾತ್ರೆ ತಿಕ್ಕುವ ಸದ್ದು ಸ್ವಲ್ಪ ಕೇಳಿಸಿ ನಿಂತಿತು. ನಮ್ಮವರು ಏನೋ ಜೋರಾಗಿ ಹೇಳಿದರು. ಅದಕ್ಕೆ ಆತ್ಯಾಬಾಯಿಯ ಪಿಸುಮಾತು: "ಸರ್ಜಾ, ಸಾವಕಾಶ. ಪೈಲ್ವಾನ್ರು ಮಲಗ್ಯಾರ."

ಸಂಕ್ರಾಂತಿಯ ದಿನ ಅವರು ಯಾರ ಬಗ್ಗೆ ಹಾಗೆ ಅಂದಿದ್ದರು ಎಂದು ಆಗ ಹೊಳೆಯಿತು. ನಾಚಿಕೆಯಾಯಿತು. ಹೊಟ್ಟೆ ತುಂಬಿದ ಮೇಲೆ ಬಂದ ನಾಚಿಕೆ, ಅದೂ ಪೈಲ್ವಾನರ ಪದ್ಧತಿಯೇ ಇರಬೇಕು. ಎದ್ದು ಹೋಗಿ ತಾಟು ತೊಳೆಯಬೇಕೆಂದುಕೊಂಡೆ. ನಿದ್ದೆ ಹತ್ತಿತು.

ಫೆಬ್ರುವರಿ ೧೧, ಬುಧವಾರ

ಮಟನ್ ತರಲು ನಾನೇ ಹೋದೆ. ಅಂಗಡಿಯವನು ಪದಕದ ಸುದ್ದಿ ಕೇಳಿ, "ಪೈಲ್ವಾನ್ರ ಪಾಲಿನ ನಳಿ ಹಾಕ್ಲಿ?" ಎಂದ. ಒಂದೇ ಹಾಕು, ದೊಡ್ಡದು ನೋಡಿ ಹಾಕು ಎಂದೆ.

ಮಸಾಲೆ ರುಬ್ಬಿದೆ. ರಸ್ಸಾ ಕುದಿಸಿ, ಮೂರು ತಿಂಗಳ ಮೇಲೆ ಮೊದಲ ಸಲ ಒಲೆಯ ಮುಂದೆ ನಾಲಿಗೆಗೆ ಹಚ್ಚಿ ನೋಡಿದೆ. ಆಬಾರಿಗೂ ನಮ್ಮವರಿಗೂ ಮೊದಲು ಬಡಿಸಿದೆ. ತಾಟಿನಲ್ಲಿ ನಳಿ ಕಾಣದೆ ಇಬ್ಬರೂ ಒಬ್ಬರ ತಾಟನ್ನು ಒಬ್ಬರು ಹಣಕಿ ನೋಡಿದರು. ಕೇಳುವ ಧೈರ್ಯ ಆಗಲಿಲ್ಲ. ಉಂಡು ಎದ್ದ ಮೇಲೆ ಆಬಾ ಪಡಸಾಲೆಯಲ್ಲಿ ಮಲಗಿದರು. ಆಮೇಲೆ ಮಣೆ ಹಾಕಿ, ಆತ್ಯಾಬಾಯಿಗೆ ಕೂಡ್ರಿ ಎಂದೆ.

"ನನಗ ಮಣಿ ಮ್ಯಾಲ ಕುಂತ ರೂಢಿಲ್ಲವಾ. ನೆಲದ ಮ್ಯಾಲ ಕೂಡ್ತೀನಿ."

"ಕೂಡ್ರಿ. ಅವತ್ತ ತುಪ್ಪದ ಮಾತು, ಮೊಳೆ ಮಾತು... ನಂದ ತಪ್ಪಾತು ಆತ್ಯಾಬಾಯಿ. ಭಾಳ ತಪ್ಪಾತು."

ಕೂತರು. ಒಂದು ತುತ್ತು ತಿಂದು ಅಗಿದರು. "ತಪ್ಪಾತು ಅಂದ ಪೈಲ್ವಾನನ್ನೂ ಈ ಮನ್ಯಾಗ ಇದ ಮೊದಲ ನೋಡೂದು," ಎಂದರು. ಇನ್ನೊಂದು ತುತ್ತು. "ಉಪ್ಪ ಕಡಿಮಿ ಆಗೇತಿ."

ನಳಿಯನ್ನು ತಾಟಿಗೆ ಹಾಕಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲ ಕಡೆ ನೋಡಿದರು. ಎರಡು ಬೆರಳಲ್ಲಿ ಎತ್ತಿ ತಾಟಿನ ಅಂಚಿಗೆ ಮೆಲ್ಲಗೆ ತಾಗಿಸಿದರು, ಮಗುವಿನ ಬೆನ್ನು ತಟ್ಟಿದ ಹಾಗೆ. ಮಜ್ಜೆ ಬರಲಿಲ್ಲ. ಇನ್ನೊಮ್ಮೆ ತಾಗಿಸಿದರು. ಐವತ್ತು ವರ್ಷ ಸಾವಿರ ನಳಿ ಬಡಿಸಿದ ಕೈಗೆ ಅದನ್ನು ಬಡಿಯುವುದು ಗೊತ್ತಿರಲಿಲ್ಲ.

ಪಡಸಾಲೆಯಿಂದ ಆಬಾರ ಗೊಣಗು ಬಂತು. "ಏನದು ಸದ್ದ? ಮಲಗೇನಿ ಇಲ್ಲಿ."

ಆತ್ಯಾಬಾಯಿಯ ಕೈ ಅಲ್ಲೇ ನಿಂತಿತು. ಎಲುಬನ್ನು ಕೆಳಗಿಡಲು ಹೋದರು.

"ಪೈಲ್ವಾನ್ರು ಉಣ್ಣಾಕತ್ತಾರ," ಎಂದು ನಾನು ಕೂಗಿ ಹೇಳಿದೆ. ಅವರ ಕಡೆ ತಿರುಗಿ, "ಜೋರಾಗಿ ಬಡೀರಿ," ಎಂದೆ.

ಆತ್ಯಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲುಬನ್ನು ಎತ್ತಿ ಬಡಿದರು.